ಒಂದೇ ದಿಕ್ಕಿಗೆ ಒರೆಸಿದ ಅಚ್ಚು

ಆ ಸಂಶೋಧನಾಲಯದ ಮೂರನೆಯ ಮಹಡಿಯ ತುದಿಯಲ್ಲಿ, ಲಿಫ್ಟಿನ ಪಕ್ಕ, ಹನ್ನೆರಡು ಅಡಿ ಉದ್ದ ಎಂಟು ಅಡಿ ಅಗಲದ ಒಂದು ಸಾಮ್ರಾಜ್ಯವಿತ್ತು. ಅದರ ಚಕ್ರವರ್ತಿಗೆ ಐವತ್ತೆರಡು ವರ್ಷ, ಮುಂದೆ ಬಂದ ಹೊಟ್ಟೆ, ಹಿಂದೆ ಸರಿದ ಕೂದಲು. ರಾಜಭಂಡಾರವೆಂದರೆ ಒಂದು ಓವನ್, ಒಂದು ತಕ್ಕಡಿ, ಒಳಗಿನ ಗಾಳಿಯನ್ನೆಲ್ಲ ಎಳೆದು ಹಾಕುವ ದಪ್ಪ ಗಾಜಿನ ಜಾಡಿ. ಸಿಂಹಾಸನವೆಂದರೆ ಒಂದು ಕಾಲು ಗಿಡ್ಡವಾದ ಸ್ಟೂಲು. ಹಾಜರಿ ಪುಸ್ತಕದಲ್ಲಿ ಅವನು ಇಪ್ಪತ್ತೊಂದು ವರ್ಷಗಳಿಂದ ‘ಕಿರಿಯ ತಂತ್ರಜ್ಞ’. ಬಡ್ತಿ ಸಿಕ್ಕಿದ್ದು ಉಳಿದ ಕೂದಲಿಗೆ ಮಾತ್ರ. ಅದು ಕಪ್ಪಿನಿಂದ ಬಿಳಿಗೆ ಏರಿತ್ತು. ಅಚ್ಚಿಗೆ ರಬ್ಬರು ಎರೆಯುವುದೇ ಕೆಲಸವಾದ್ದರಿಂದ ಎಲ್ಲರೂ ಅವನನ್ನು ಅಚ್ಚಣ್ಣ ಎನ್ನುತ್ತಿದ್ದರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು, ಅಂದರೆ ವಾರದಲ್ಲಿ ಐದು ದಿನ.

ಅವನ ಕೆಲಸವನ್ನು ಹೀಗೆ ಹೇಳಬಹುದು. ಅಂಗೈಯಗಲದ ಸಿಲಿಕಾನ್ ಬಿಲ್ಲೆಯ ಮೇಲೆ ಬರಿಗಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ದಿಬ್ಬಗಳು ಸಾಲಾಗಿ ಇರುತ್ತವೆ. ಅದೇ ಅಚ್ಚು. ಜೇನಿನಷ್ಟು ಮಂದವಾದ, ಸಿಲಿಕೋನ್ ಎಂಬ ರಬ್ಬರಿನ ದ್ರವವನ್ನು ಹತ್ತಕ್ಕೆ ಒಂದರಂತೆ ಗಟ್ಟಿಕಾರಕದ ಜೊತೆ ಕಲಸಿ, ಜಾಡಿಯಲ್ಲಿಟ್ಟು ಗುಳ್ಳೆ ತೆಗೆದು, ಅಚ್ಚಿನ ಮೇಲೆ ಸುರಿದು, ಓವನ್‌ನಲ್ಲಿ ಬೇಯಿಸಿ ಸುಲಿದರೆ, ತಿಳಿಯಾದ ರಬ್ಬರಿನ ಹಾಳೆ ಕೈಗೆ ಬರುತ್ತದೆ. ಅಚ್ಚಿನಲ್ಲಿ ದಿಬ್ಬವಿದ್ದ ಕಡೆ ರಬ್ಬರಿನಲ್ಲಿ ಕಾಲುವೆ. ಎರಡು ಕೂದಲೆಳೆ ಪಕ್ಕಪಕ್ಕ ಮಲಗಿದರೆ ಮೂರನೆಯದಕ್ಕೆ ಜಾಗವಿಲ್ಲ, ಅಷ್ಟು ಇಕ್ಕಟ್ಟಿನ ಕಾಲುವೆ. ಜಗತ್ತಿನ ದೊಡ್ಡ ದೊಡ್ಡ ಕಾಲುವೆಗಳನ್ನು ತೋಡಿಸಿದವರ ಹೆಸರು ಕಲ್ಲಿನ ಮೇಲೆ ಕೆತ್ತಿರುತ್ತದೆ. ಅಚ್ಚಣ್ಣ ವಾರಕ್ಕೆ ನಾಲ್ಕು ನೂರು ಕಾಲುವೆ ತೋಡುತ್ತಿದ್ದ, ಅವನ ಹೆಸರು ಒಂದು ಡಬ್ಬಿಯ ಮೇಲೂ ಇರಲಿಲ್ಲ.

ಅವನ ಪರಮ ಶತ್ರು ಗಾಳಿಗುಳ್ಳೆ. ಸಾಸಿವೆಗಿಂತ ಸಣ್ಣ ಗುಳ್ಳೆಯೊಂದು ರಬ್ಬರಿನ ಮೂಲೆಯಲ್ಲಿ ಅವಿತಿದ್ದರೆ, ಕೋಟೆಯೊಳಗೆ ನುಗ್ಗಿದ ಗೂಢಚಾರನನ್ನು ಹಿಡಿಯುವಂತೆ ಸೂಜಿ ಹಿಡಿದು ಅದನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ. ಯುದ್ಧ ಮುಗಿದ ಮೇಲೆ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುವ ಅವನ ಮುಖ ನೋಡಿದವರಿಗೆ, ಎರಡು ಮೂರು ರಾಜ್ಯಗಳಾದರೂ ಕೈವಶವಾಗಿರಬೇಕು ಎನಿಸುತ್ತಿತ್ತು.

ಈ ಕಾಲುವೆಗಳನ್ನು ಬಳಸುತ್ತಿದ್ದವಳು ಒಬ್ಬ ಸಂಶೋಧಕಿ. ವಯಸ್ಸು ಮೂವತ್ಮೂರು, ಡಾಕ್ಟರೇಟಿಗೆ ಸೇರಿ ಏಳು ವರ್ಷ ಎಂಟು ತಿಂಗಳು. ನಿಯಮದ ಪ್ರಕಾರ ಎಂಟು ವರ್ಷ ತುಂಬಿದ ದಿನ, ಪ್ರಬಂಧ ಕೊಟ್ಟಿಲ್ಲದವರು ಬರಿಗೈಯಲ್ಲಿ ಮನೆಗೆ ಹೋಗಬೇಕು. ಅಚ್ಚಣ್ಣ ಅವಳನ್ನು ಮೊದಲ ವರ್ಷದಿಂದಲೇ ‘ಡಾಕ್ಟ್ರೇ’ ಎನ್ನುತ್ತಿದ್ದ. “ಈಗಲೇ ಕರೆದು ಅಭ್ಯಾಸ ಮಾಡ್ಕೋತೀನಿ. ಆಮೇಲೆ ನೀವು ದೊಡ್ಡವರಾದ ಮೇಲೆ ನಾಲಿಗೆ ತೊದಲಬಾರ್ದು ನೋಡಿ.”

ಅವಳು ಓದುತ್ತಿದ್ದುದು ರಕ್ತನಾಳದ ಒಳಗೋಡೆಗೆ ಹಾಸಿದಂತಿರುವ ಜೀವಕೋಶಗಳ ಆಕಾರವನ್ನು. ನಾಳ ನೇರವಾಗಿದ್ದ ಕಡೆ, ರಕ್ತ ಸರಾಗವಾಗಿ ಹರಿಯುವಲ್ಲಿ, ಈ ಕೋಶಗಳು ಹರಿವಿನುದ್ದಕ್ಕೂ ಮೀನಿನ ಹಾಗೆ ಉದ್ದಕ್ಕೆ ಚಾಚಿಕೊಂಡಿರುತ್ತವೆ. ಕವಲೊಡೆದ ಕಡೆ, ರಕ್ತ ಸುಳಿಯುವಲ್ಲಿ, ಹಾಸುಗಲ್ಲಿನ ಹಾಗೆ ಅಡ್ಡಾದಿಡ್ಡಿ ದುಂಡಗಿರುತ್ತವೆ. ಅಲ್ಲೇ ಕೊಬ್ಬು ಕಟ್ಟುವುದು ಹೆಚ್ಚು. ಹರಿವು ಅವುಗಳನ್ನು ಎಳೆದು ಉದ್ದ ಮಾಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಈ ಸಂಶೋಧಕಿ ಕಂಡುಹಿಡಿದದ್ದು ಬೇರೆ. ಅಗಲದ ಕಾಲುವೆಯಲ್ಲಿ ದುಂಡಗೆ ಕೂತ ಅದೇ ಕೋಶಗಳು ಇಕ್ಕಟ್ಟಿನ ಕಾಲುವೆಯ ತಳದಲ್ಲಿ, ಏನೂ ಹರಿಯದೆ ನಿಂತ ನೀರಿನಲ್ಲೇ, ತಾವಾಗಿ ಉದ್ದವಾಗುತ್ತಿದ್ದವು. ಹಾಗಾದರೆ ಜಾಗ ಇಕ್ಕಟ್ಟಾದರೆ ಸಾಕು, ಹರಿವು ಬೇಡ. ಇದು ಸಣ್ಣ ಮಾತಲ್ಲ. ಇದರ ಮೇಲೆ ಅವಳ ಪ್ರಬಂಧ ನಿಂತಿತ್ತು, ಅವಳ ಮೇಲ್ವಿಚಾರಕಿಯ, ಅಂದರೆ ಎಲ್ಲರ ಬಾಯಲ್ಲಿ ದೊಡ್ಡ ಮೇಡಂ ಆದವರ, ಎರಡು ಅಚ್ಚಾದ ಲೇಖನಗಳು ನಿಂತಿದ್ದವು.

ಆದರೆ ಬೇರೊಂದು ಊರಿನ ಪ್ರಯೋಗಾಲಯದವರು ಒಂದು ಪತ್ರ ಬರೆದರು: ನಿಮ್ಮ ಅಳತೆಯಲ್ಲೇ ಕಾಲುವೆ ಮಾಡಿದೆವು, ನಮ್ಮ ಕೋಶಗಳು ದುಂಡಗೇ ಇವೆ. ದೊಡ್ಡ ಮೇಡಂ ಅಚ್ಚಣ್ಣ ಎರೆದ ಇಪ್ಪತ್ತು ರಬ್ಬರುಗಳನ್ನು ಡಬ್ಬಿಯಲ್ಲಿಟ್ಟು ಕಳಿಸಿದರು. ಮರುಪತ್ರ ಬಂತು: ನಿಮ್ಮ ರಬ್ಬರಿನಲ್ಲಿ ಉದ್ದವಾಗುತ್ತವೆ, ನಮ್ಮದರಲ್ಲಿ ಇಲ್ಲ, ಏನು ಮರ್ಮ?

ಅವತ್ತಿನಿಂದ ಅಚ್ಚಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

“ಕೈಗುಣ ಅಂತಾರಲ್ಲ, ಅದು ಇದೇ,” ಎಂದು ಲಿಫ್ಟಿನಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ. ಕೆಳಗಿನ ಮಹಡಿಯ ಲೆಕ್ಕದ ಗುಮಾಸ್ತ, “ಹಾಗಾದ್ರೆ ನನ್ನ ಸೊಸೆ ಸ್ವಲ್ಪ ಗಿಡ್ಡ, ಒಂದು ಸಲ ಮುಟ್ಟಿಬಿಡಿ,” ಎಂದ. ಅಚ್ಚಣ್ಣ ಅದನ್ನೂ ಬಿರುದಿನ ಪಟ್ಟಿಗೆ ಸೇರಿಸಿಕೊಂಡ.

ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಅವಳು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದವಳು. ಅಳತೆಯ ವಿಷಯದಲ್ಲಿ ಯಾರ ಮಾತನ್ನೂ ನಂಬುತ್ತಿರಲಿಲ್ಲ.

“ಏಳು ವರ್ಷದಿಂದ ಅದೇನೋ ಉದ್ದ ಆಯ್ತು ಉದ್ದ ಆಯ್ತು ಅಂತೀರಿ. ಅಷ್ಟರಲ್ಲಿ ನಿಮ್ಮ ಪ್ಯಾಂಟು ಮೂರು ಸಲ ಸೊಂಟದಲ್ಲಿ ಬಿಚ್ಚಿದ್ದೀನಿ.”

“ನಿನಗೆ ವಿಜ್ಞಾನ ತಿಳಿಯಲ್ಲ ಬಿಡೆ.”

“ತಿಳಿಯಲ್ಲ. ಹೊಟ್ಟೆ ತಿಳಿಯತ್ತೆ.” ಆದರೂ ಅವತ್ತು ರಾತ್ರಿ ಅವಳು ಅಕ್ಕನಿಗೆ ಫೋನು ಮಾಡಿ, ಗಂಡ ಕೇಳದ ಹಾಗೆ ಬಾಗಿಲು ಮುಚ್ಚಿಕೊಂಡು, “ಇವರ ಕೈಯಲ್ಲಿ ಏನೋ ಇದೆಯಂತೆ ಕಣೇ, ಬೇರೆ ಊರಿನವರಿಗೂ ಬರಲಿಲ್ಲವಂತೆ,” ಎಂದಳು. ಗಂಡನಿಗೆ ಕೇಳಿಸಿತು. ಅವನು ಹಲ್ಲುಜ್ಜುವುದನ್ನು ನಿಲ್ಲಿಸಿ ಇನ್ನೊಂದು ಸಲ ಹೇಳುತ್ತಾಳೇನೋ ಎಂದು ಕಾದ. ಹೇಳಲಿಲ್ಲ.

ಸಂಶೋಧಕಿಯ ಕೊನೆಯ ಲೇಖನವನ್ನು ಪತ್ರಿಕೆಯವರು ಒಂದು ಷರತ್ತಿನ ಮೇಲೆ ಒಪ್ಪಿಕೊಂಡರು. ಕಾಲುವೆ ಮಾಡುವ ವಿಧಾನವನ್ನು ಒಂದು ಹೆಜ್ಜೆಯನ್ನೂ ಬಿಡದೆ ಬರೆದು ಕೊಡಬೇಕು, ಬೇರೆಯವರಿಗೂ ಮಾಡಲು ಬರುವಂತೆ. ಅವಳು ಗೆರೆಯ ಹಾಳೆಗಳ ಕಟ್ಟು ಹಿಡಿದುಕೊಂಡು ಅಚ್ಚಿನ ಕೋಣೆಗೆ ಬಂದಳು.

“ಅಚ್ಚಣ್ಣ, ನೀವು ಮಾಡೋದನ್ನೆಲ್ಲ ಬರೆದು ಕೊಡಿ. ನಿಮಗೆ ಸಣ್ಣದು ಅನ್ನಿಸಿದ್ದನ್ನೂ ಬಿಡಬೇಡಿ. ಲೇಖನದಲ್ಲಿ ನಿಮ್ಮ ಹೆಸರೂ ಬರತ್ತೆ.”

“ನನ್ನ ಹೆಸರಾ? ಎಲ್ಲಿ? ಕೆಳಗೆ ಸಣ್ಣ ಅಕ್ಷರದಲ್ಲಾ?”

“ಮೇಲೆ. ನನ್ನ ಹೆಸರಿನ ಪಕ್ಕ.”

ಅಚ್ಚಣ್ಣ ಮೂರು ದಿನ ಬರೆದ. ಮೊದಲ ದಿನ ಪೆನ್ನು ಕೊಂಡ. ಎರಡನೆಯ ದಿನ ಕರಡು ಬರೆದು, ಅದು ತನ್ನ ಯೋಗ್ಯತೆಗೆ ಕಡಿಮೆಯಾಯಿತೆಂದು ಹರಿದ. ಮೂರನೆಯ ದಿನ ಕೂತು, ತೂಕ, ಶಾಖ, ಗಂಟೆ, ಗುಳ್ಳೆಗಳ ಸಂಹಾರ, ಎಲ್ಲವನ್ನೂ ಒಂಬತ್ತು ಪುಟ ಬರೆದ. ಆರನೆಯ ಪುಟಕ್ಕೆ ಬಂದಾಗ ಅವನ ಕೈ ಒಂದು ಕ್ಷಣ ತಡೆಯಿತು. ಅಲ್ಲಿ ಒಂದು ಗುಟ್ಟಿತ್ತು.

ಇಲ್ಲಿಗೆ ಬರುವ ಮೊದಲು ಅಚ್ಚಣ್ಣ ಸೋದರಮಾವನ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದ. ಮಾವ ಅವನಿಗೆ ಬಿಟ್ಟುಹೋದ ಆಸ್ತಿ ಎರಡು: ಒಂದು ಡಬ್ಬಿ ಪಾಲಿಶ್ ಪುಡಿ, ಒಂದು ಉಪದೇಶ. “ಸುತ್ತಿ ಸುತ್ತಿ ಒರೆಸಿದ್ರೆ ಮಂಕಾಗತ್ತೆ. ಒಂದೇ ದಿಕ್ಕಿಗೆ ಒರೆಸು, ಕಡೇವರೆಗೂ ಕೈ ಎತ್ತಬೇಡ.” ಪ್ರಯೋಗಾಲಯದ ನಿಯಮ ಬೇರೆಯಿತ್ತು. ಅಚ್ಚನ್ನು ಯಾವತ್ತೂ ಬಟ್ಟೆಯಿಂದ ಮುಟ್ಟಬಾರದು, ಸ್ಪಿರಿಟ್ಟಿನಲ್ಲಿ ತೊಳೆದು ಗಾಳಿ ಊದಿದರೆ ಮುಗಿಯಿತು. ಅಗಲ ಕಾಲುವೆಯ ಅಚ್ಚಿಗೆ ಅದು ಸಾಕಾಗುತ್ತಿತ್ತು. ರಬ್ಬರು ಸಲೀಸಾಗಿ ಬಿಟ್ಟುಕೊಡುತ್ತಿತ್ತು. ಇಕ್ಕಟ್ಟಿನ ಅಚ್ಚು ಹಾಗಲ್ಲ. ದಿಬ್ಬಗಳ ನಡುವೆ ರಬ್ಬರಿನ ತುಣುಕು ಕಚ್ಚಿಕೊಂಡು ಬಿಡುತ್ತಿರಲಿಲ್ಲ. ನಿಯಮದಂತೆ ನಡೆದ ಮೊದಲ ವಾರವೇ ಅರ್ಧಕ್ಕರ್ಧ ರಬ್ಬರು ಹರಿದು ಹಾಳಾಗಿತ್ತು. ಆಗ ಅಚ್ಚಣ್ಣ ಬಾಗಿಲು ಹಾಕಿಕೊಂಡು, ಮೆತ್ತನೆಯ ಬಟ್ಟೆಗೆ ಚಿಟಿಕೆ ಪುಡಿ ಹಾಕಿ, ದಿಬ್ಬಗಳ ಉದ್ದಕ್ಕೂ ಒಂದೇ ದಿಕ್ಕಿಗೆ ಮೂವತ್ತು ಸಲ ಒರೆಸಿದ. ಅಚ್ಚು ಕನ್ನಡಿಯಂತಾಯಿತು, ರಬ್ಬರು ಹೂವಿನಂತೆ ಬಿಟ್ಟಿತು. ಆಮೇಲೆ ಏಳು ವರ್ಷ, ಪ್ರತಿ ಎರಕಕ್ಕೂ ಮುಂಚೆ ಮೂವತ್ತು ಸಲ. ಒಂದು ದಿನವೂ ತಪ್ಪಿಸಲಿಲ್ಲ. ಜ್ವರ ಬಂದ ದಿನ ಬಂದು ಒರೆಸಿ, ಮತ್ತೆ ಹೋಗಿ ಮಲಗಿದ.

ನಿಯಮ ಮುರಿದದ್ದನ್ನು ಬರೆದರೆ ಬೈಗುಳ, ಬಿಟ್ಟರೆ ಬೇರೆ ಊರಿನವರಿಗೆ ಯಾವತ್ತೂ ಬರುವುದಿಲ್ಲ. ಅಚ್ಚಣ್ಣ ಉದಾರಿ. ಲೋಕಕಲ್ಯಾಣಕ್ಕಾಗಿ ಗುಟ್ಟು ಬಿಟ್ಟುಕೊಡುವ ಮಹಾಪುರುಷನ ಗಾಂಭೀರ್ಯದಲ್ಲಿ ಅವನು ಆರನೆಯ ಪುಟದಲ್ಲಿ ಪುಡಿಯನ್ನೂ ದಿಕ್ಕನ್ನೂ ಮೂವತ್ತನ್ನೂ ಬರೆದು, ಕೆಳಗೆ ಎರಡು ಗೆರೆ ಎಳೆದ.

ಸಂಶೋಧಕಿ ಅವನೆದುರೇ ನಿಂತು ಓದಿದಳು. ನಾಲ್ಕನೆಯ ಪುಟದಲ್ಲಿ ಗುಳ್ಳೆಗಳ ಬಗ್ಗೆ ನಕ್ಕಳು. ಆರನೆಯ ಪುಟದಲ್ಲಿ ನಿಂತಳು. ಅಲ್ಲೇ ನಿಂತಿದ್ದಳು.

“ಅಕ್ಷರ ತಿಳೀತಿಲ್ವಾ ಡಾಕ್ಟ್ರೇ?”

“ತಿಳೀತಿದೆ.” ಅವಳು ಹಾಳೆಯನ್ನು ಮೇಜಿನ ಮೇಲಿಟ್ಟಳು. “ಇಕ್ಕಟ್ಟಿನ ಅಚ್ಚಿಗೆ ಮಾತ್ರಾನಾ ಒರೆಸೋದು?”

“ಅದಕ್ಕೆ ಮಾತ್ರ. ಅಗಲದ್ದು ಪಾಪ, ಒಳ್ಳೆ ಸ್ವಭಾವದ್ದು.”

“ದಿಬ್ಬದ ಮೇಲೆ, ಉದ್ದಕ್ಕೆ.”

“ಉದ್ದಕ್ಕೇ. ಅಡ್ಡ ಒರೆಸಿದ್ರೆ ಮಾವ ಸ್ವರ್ಗದಿಂದ ಇಳಿದು ಬಂದು ಹೊಡೀತಾರೆ.”

ಅವಳು ಇಕ್ಕಟ್ಟಿನ ಅಚ್ಚನ್ನು ಎತ್ತಿಕೊಂಡು ಹೋದಳು. ಅಚ್ಚಣ್ಣ ಹಿಂದೆಯೇ ಹೋದ. ದೊಡ್ಡ ಸೂಕ್ಷ್ಮದರ್ಶಕದಡಿ ಇಟ್ಟು, ಕಣ್ಣು ಹಚ್ಚಿ, ಬಹಳ ಹೊತ್ತು ನೋಡಿ, ಸರಿದು ಅವನಿಗೆ ಜಾಗ ಬಿಟ್ಟಳು. ಇಪ್ಪತ್ತೊಂದು ವರ್ಷದಲ್ಲಿ ಅವನು ತನ್ನ ಅಚ್ಚನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕನ್ನಡಿಯೆಂದುಕೊಂಡಿದ್ದ ದಿಬ್ಬದ ನೆತ್ತಿಯ ತುಂಬ ಗೀರು. ನೂರಾರು ಸಣ್ಣ ಗೀರು, ನೀಟಾಗಿ ಬಾಚಿದ ಕೂದಲಿನ ಹಾಗೆ, ಎಲ್ಲವೂ ಒಂದೇ ದಿಕ್ಕಿಗೆ.

“ದಿಬ್ಬದ ನೆತ್ತಿನೇ ಕಾಲುವೆಯ ತಳ ಆಗೋದು,” ಎಂದಳು ಅವಳು. ಪಾಠ ಒಪ್ಪಿಸುವವಳಂತೆ ಒಂದೇ ದನಿಯಲ್ಲಿ ಹೇಳುತ್ತಿದ್ದಳು. “ಗೀರು ರಬ್ಬರಿಗೆ ಇಳಿಯತ್ತೆ. ಕೋಶಗಳು ಅದರ ಮೇಲೆ ಕೂರ್ತವೆ. ಗೀರು ಇದ್ದ ಕಡೆ ಅವು ಗೀರಿನುದ್ದಕ್ಕೂ ಚಾಚ್ತವೆ. ಇಕ್ಕಟ್ಟಿಗಲ್ಲ ಅಚ್ಚಣ್ಣ. ನಿಮ್ಮ ಬಟ್ಟೆಗೆ.”

ಅಚ್ಚಣ್ಣನಿಗೆ ಅರ್ಥವಾಗಲು ಲಿಫ್ಟು ಒಂದು ಸಲ ಕೆಳಗೆ ಹೋಗಿ ಮೇಲೆ ಬರುವಷ್ಟು ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವನು ಮೊದಲು ಮಾಡಿದ್ದು ಬಾಗಿಲು ಮುಚ್ಚಿದ್ದು.

“ಆ ಸಾಲು ಹೊಡೆದು ಹಾಕೋಣ.”

“ಹೊಡೆದು ಹಾಕಿದ್ರೆ ಬೇರೆ ಊರಿನವರು ಒರೆಸಲ್ಲ. ಒರೆಸದಿದ್ರೆ ಅವರಿಗೆ ಬರಲ್ಲ. ಬರದಿದ್ರೆ ಮತ್ತೆ ಕೇಳ್ತಾರೆ.”

“ನಾಲ್ಕು ತಿಂಗಳಲ್ಲಿ ಕೇಳ್ತಾರಾ? ನಾಲ್ಕು ತಿಂಗಳು ಆದ್ರೆ ನೀವು ಡಾಕ್ಟ್ರು. ಆಮೇಲೆ ಏನಾದ್ರೂ ಆಗ್ಲಿ. ನಾನೇ ಸುಳ್ಳು ಹೇಳಿದೆ ಅಂತ ಹೇಳಿ, ನನಗೇನು, ನಾನು ಕಿರಿಯ. ನನ್ನನ್ನ ಇನ್ನೆಲ್ಲಿಗೆ ಇಳಿಸ್ತಾರೆ?”

ಅವಳು ನಕ್ಕಳು. ಹಾಗೆ ನಗದೇ ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ. “ಇಲ್ಲ ಅಚ್ಚಣ್ಣ. ನೋಡಿಬಿಟ್ಟೆನಲ್ಲ.”

ಆಮೇಲೆ ಪರೀಕ್ಷೆ. ಕಪಾಟಿನಲ್ಲಿ ಪೊಟ್ಟಣ ಬಿಚ್ಚದ ಇನ್ನೊಂದು ಇಕ್ಕಟ್ಟಿನ ಅಚ್ಚಿತ್ತು. ಅದನ್ನು ಒರೆಸದೆ ಎರೆಯಬೇಕು. ಅಗಲದ ಅಚ್ಚೊಂದನ್ನು ಮೂವತ್ತರ ಲೆಕ್ಕದಲ್ಲಿ ಏಳು ವರ್ಷದಷ್ಟು ಒರೆಸಿ ಎರೆಯಬೇಕು. ಅಚ್ಚಣ್ಣ ಎರಡು ದಿನ ಬೆಳಗಿನಿಂದ ಸಂಜೆಯವರೆಗೆ ಒರೆಸಿದ. ಹೀಗೆ ಹೀನಾಯವಾಗಿ ಯಾವ ವೀರನೂ ತನ್ನ ಕತ್ತಿಯಿಂದ ತನ್ನ ಕೋಟೆಯ ಬಾಗಿಲನ್ನೇ ಒಡೆದಿರಲಾರ. ಮಾವನ ಡಬ್ಬಿ ತಳ ಕಂಡಿತು. ಹೊಸ ಅಚ್ಚಿನಲ್ಲಿ ರಬ್ಬರು ಕಚ್ಚಿಕೊಂಡು ಹದಿನಾಲ್ಕರಲ್ಲಿ ಒಂಬತ್ತು ಹರಿದುಹೋದವು. ಅವನು ಉಳಿದ ಐದನ್ನು, ಇವು ಹರಿದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಳ್ಳುತ್ತ, ಬಹಳ ಜೋಪಾನವಾಗಿ ಸುಲಿದ. ಬೇಕೆಂದೇ ಹಾಳು ಮಾಡಲು ಅವನ ಕೈಗೆ ಬರುತ್ತಿರಲಿಲ್ಲ. ಅದೊಂದು ವಿದ್ಯೆಯನ್ನು ಮಾವ ಕಲಿಸಿರಲಿಲ್ಲ.

ಕಾಲುವೆಗಳಿಗೆ ಕೋಶಗಳನ್ನು ಹಾಕಿ ಎರಡು ದಿನ ಕಾಯಬೇಕು. ಆ ಎರಡು ದಿನ ಅಚ್ಚಣ್ಣ ಮನೆಯಲ್ಲಿ ಹೆಂಡತಿಯ ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸಿದ, ಬಿಚ್ಚಿದ, ಉದ್ದದ ಪ್ರಕಾರ ಜೋಡಿಸಿದ.

“ಏನಾಯ್ತು ನಿಮಗೆ?” ಎಂದಳು ಹೆಂಡತಿ. ಅವನು ಹೇಳಿದ. ಅವಳು ಯಂತ್ರದ ಚಕ್ರದ ಮೇಲೆ ಕೈಯಿಟ್ಟು ಕೇಳಿದಳು. “ಶುಚಿ ಮಾಡಿದ್ದು ತಪ್ಪಾ?”

“ಶುಚಿ ಮಾಡಿದ್ದು ತಪ್ಪಲ್ಲ. ಹೇಳದೆ ಮಾಡಿದ್ದು.”

“ಕೇಳಿದ್ರೆ ಹೇಳ್ತಿದ್ರಿ.”

“ಕೇಳಿದ ತಕ್ಷಣ ಹೇಳಿದೆ. ಕೇಳೋದಕ್ಕೆ ಏಳು ವರ್ಷ ಬೇಕಾಯ್ತು ಅವರಿಗೆ.”

ಹೆಂಡತಿ ದಾರದ ಡಬ್ಬಿಯನ್ನು ಅವನ ಕೈಯಿಂದ ತೆಗೆದಿಟ್ಟಳು.

ಮೂರನೆಯ ದಿನ ದೊಡ್ಡ ಮೇಡಂ ಸಹ ಬಂದು ನಿಂತರು. ಒರೆಸದ ಇಕ್ಕಟ್ಟಿನ ಕಾಲುವೆಯಲ್ಲಿ ಕೋಶಗಳು ಹಾಸುಗಲ್ಲಿನಂತೆ ದುಂಡಗೆ ಕೂತಿದ್ದವು, ಜಗತ್ತಿನಲ್ಲಿ ಯಾವ ಅವಸರವೂ ಇಲ್ಲದವರ ಹಾಗೆ. ಒರೆಸಿದ ಅಗಲದ ಕಾಲುವೆಯಲ್ಲಿ, ಆಟದ ಮೈದಾನದಷ್ಟು ಜಾಗವಿದ್ದರೂ, ಎಲ್ಲವೂ ಉದ್ದಕ್ಕೆ ಚಾಚಿ ಶಿಸ್ತಿನ ಸೈನ್ಯದಂತೆ ಒಂದೇ ದಿಕ್ಕಿಗೆ ಮಲಗಿದ್ದವು. ಅನುಮಾನಕ್ಕೆ ಎಳೆಯಷ್ಟೂ ಎಡೆಯಿರಲಿಲ್ಲ.

“ಹಾಗಾದ್ರೆ ಇದನ್ನೇ ಬರೆದ್ರೆ ಆಗಲ್ವಾ ಮೇಡಂ?” ಎಂದ ಅಚ್ಚಣ್ಣ. “ಗೀರು ಹಾಕಿದ್ರೆ ಉದ್ದ ಆಗತ್ತೆ ಅಂತ. ಇದೂ ಹೊಸದೇ ಅಲ್ವಾ?”

ಮೇಡಂ ತಲೆಯಾಡಿಸಿದರು. “ಅದು ನಾನು ಹುಟ್ಟೋ ಮೊದಲೇ ಗೊತ್ತಿತ್ತು ಅಚ್ಚಣ್ಣ. ಪಠ್ಯಪುಸ್ತಕದಲ್ಲಿದೆ.” ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. “ತಪ್ಪು ನಿಮ್ಮದು ಅಂತ ಹೇಳಿದ್ರೆ ನನಗೆ ಸುಲಭ. ಏಳು ವರ್ಷದಲ್ಲಿ ಒಂದು ದಿನ ನಾನು ನಿಮ್ಮ ಕೋಣೆಗೆ ಬಂದು, ಆ ಸ್ಟೂಲಿನ ಮೇಲೆ ಕೂತು, ನೀವೇನು ಮಾಡ್ತೀರಿ ಅಂತ ನೋಡಿದ್ರೆ ಸಾಕಾಗಿತ್ತು.”

“ಆ ಸ್ಟೂಲು ಓಲಾಡತ್ತೆ ಮೇಡಂ. ಬೀಳ್ತಿದ್ರಿ,” ಎಂದ ಅಚ್ಚಣ್ಣ. ಯಾಕೆ ಹಾಗೆಂದನೋ ಅವನಿಗೇ ತಿಳಿಯಲಿಲ್ಲ.

ಮುಂದಿನದೆಲ್ಲ ಬೇಗ ಬೇಗ ಆಯಿತು. ಲೇಖನ ಹಿಂದಕ್ಕೆ ಬಂತು. ಅಚ್ಚಾಗಿದ್ದ ಎರಡನ್ನೂ ಮೇಡಂ ತಾವೇ ಹಿಂತೆಗೆದುಕೊಂಡರು. ಅವಧಿ ವಿಸ್ತರಿಸಿ ಎಂದು ಬರೆದ ಅರ್ಜಿಗೆ ಕಚೇರಿಯವರು ಒಂದು ಸಾಲಿನ ಉತ್ತರ ಕೊಟ್ಟರು. ಆ ಸಾಲಿನಲ್ಲಿ ‘ಅವಕಾಶವಿರುವುದಿಲ್ಲ’ ಎಂಬ ಪದವೊಂದೇ ಓದುವಂತಿತ್ತು, ಉಳಿದದ್ದು ನಿಯಮದ ಸಂಖ್ಯೆ. ಮೂರು ತಿಂಗಳಲ್ಲಿ ಹೊಸ ವಿಷಯ ಹಿಡಿದು ಪ್ರಬಂಧ ಬರೆಯಲು ಸಾಧ್ಯವೇ ಎಂದು ಮೇಡಂ ಕೇಳಿದರು. ಸಂಶೋಧಕಿ ಒಂದು ವಾರ ಪ್ರಯತ್ನಿಸಿದಳು. ಎಂಟನೆಯ ದಿನ ಬಂದು, ಆಗುವುದಿಲ್ಲ ಎಂದಳು.

ಅಚ್ಚಣ್ಣನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಅವನು ಎದುರುತ್ತರ ಕೊಟ್ಟು, ನಾಲ್ಕು ದಿನ ಮುಖ ಊದಿಸಿಕೊಂಡು, ಕೊನೆಗೆ ಸರಿಹೋಗುತ್ತಿದ್ದ. ಆ ಭಾಗ್ಯವೂ ಸಿಗಲಿಲ್ಲ. ಗೋಡೆಯ ಮೇಲೆ ಒಂದು ಹಾಳೆ ಬಂತು: ಅಚ್ಚನ್ನು ಒರೆಸಬಾರದು. ಕೆಳಗಿನ ಮಹಡಿಯ ಗುಮಾಸ್ತ ಲಿಫ್ಟಿನಲ್ಲಿ ಅವನನ್ನು ಕಂಡರೆ ಈಗ ಫೋನು ನೋಡಿಕೊಳ್ಳುತ್ತಿದ್ದ. ಇಕ್ಕಟ್ಟಿನ ಅಚ್ಚಿನಿಂದ ಹತ್ತಕ್ಕೆ ಆರು ರಬ್ಬರು ಹರಿದು ಬರುತ್ತಿದ್ದವು. ಅಚ್ಚಣ್ಣ ಅವುಗಳನ್ನು ಕಸದ ಡಬ್ಬಿಗೆ ಹಾಕುತ್ತಿದ್ದ, ಗುಳ್ಳೆಗಳನ್ನು ಹಾಗೇ ಬಿಡುತ್ತಿದ್ದ. ಬಂದವರು ಬರಲಿ, ಕೋಟೆಯಲ್ಲಿ ಕಾಯುವಂಥದ್ದು ಏನೂ ಉಳಿದಿರಲಿಲ್ಲ.

ಕೊನೆಯ ದಿನ ಸಂಶೋಧಕಿ ಒಂದು ಫಾರಂ ಹಿಡಿದು ಬಂದಳು. ಬಿಟ್ಟುಹೋಗುವವರು ಗ್ರಂಥಾಲಯ, ಉಗ್ರಾಣ, ಅಚ್ಚಿನ ಕೋಣೆ, ಹೀಗೆ ಒಂಬತ್ತು ಕಡೆ ಸಹಿ ಮಾಡಿಸಬೇಕು: ತೆಗೆದುಕೊಂಡ ಸಾಮಾನೆಲ್ಲ ವಾಪಸು ಬಂದಿದೆ, ಇವರಿಂದ ಏನೂ ಬರಬೇಕಾಗಿಲ್ಲ. ಎಂಟು ಸಹಿ ಆಗಿತ್ತು.

“ಹೋಗಿ ಏನು ಮಾಡ್ತೀರಿ?” ಎಂದ ಅಚ್ಚಣ್ಣ.

“ಅಣ್ಣನ ಮನೆಗೆ. ಅತ್ತಿಗೆ ಒಂದು ಕೋಣೆ ಖಾಲಿ ಮಾಡಿದ್ದಾಳೆ. ಆಮೇಲೆ ಗೊತ್ತಿಲ್ಲ. ರಕ್ತ ಪರೀಕ್ಷೆ ಮಾಡೋ ಅಂಗಡಿಯಲ್ಲಿ ಕೆಲಸ ಇದೆಯಂತೆ.”

“ಅಲ್ಲಿ ಕೋಶ ಎಣಿಸಬೇಕಾ?”

“ಎಣಿಸೋದು ಯಂತ್ರ. ನಾನು ಸೂಜಿ ಚುಚ್ಚಬೇಕು.” ಅವಳು ಚೀಲದಿಂದ, ಕೋಶ ಬೆಳೆಸಲು ಈ ಕೋಣೆಯಿಂದ ಒಯ್ದಿದ್ದ ಗಾಜಿನ ತಟ್ಟೆಗಳನ್ನು, ಬಟ್ಟೆಯಲ್ಲಿ ಸುತ್ತಿದ್ದವನ್ನು ತೆಗೆದು ಮೇಜಿನ ಮೇಲಿಟ್ಟಳು. “ನಿಮ್ಮ ಪುಸ್ತಕದಲ್ಲಿ ನನ್ನ ಹೆಸರಲ್ಲಿ ಎಷ್ಟಿದೆ?”

ಅವನು ಪುಸ್ತಕ ತೆಗೆದು ನೋಡಿದ. “ಹನ್ನೊಂದು.”

“ಹತ್ತಿದೆ. ಒಂದು ಒಡೆದುಹೋಯ್ತು. ಯಾವಾಗ ಅಂತ ನೆನಪಿಲ್ಲ.”

ಒಡೆದದ್ದಕ್ಕೆ ಬೇರೆ ಫಾರಂ, ಮೇಡಂ ಸಹಿ, ಉಗ್ರಾಣದ ಸಹಿ, ಮತ್ತೆ ಇಲ್ಲಿಗೆ. ಅಂದರೆ ಇನ್ನೂ ಎರಡು ದಿನ ಅವಳು ಈ ಮೆಟ್ಟಿಲು ಹತ್ತಿ ಇಳಿಯಬೇಕು, ಈ ಮುಖಗಳನ್ನು ನೋಡಬೇಕು. ಅಚ್ಚಣ್ಣ ತಟ್ಟೆಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದ. ಹತ್ತನ್ನೂ ತೊಳೆದು ತಂದಿದ್ದಳು. ಇನ್ನೊಂದು ಸಲ ಎಣಿಸಿದ. ಪೆನ್ನು ತೆಗೆದು, ಫಾರಂನಲ್ಲಿ ವಾಪಸು ಬಂದ ತಟ್ಟೆಗಳ ಸಂಖ್ಯೆಯ ಮುಂದೆ ಹನ್ನೊಂದು ಎಂದು ಬರೆದು, ಕೆಳಗೆ ಸಹಿ ಮಾಡಿ ಕೊಟ್ಟ.

ಅವಳು ಫಾರಂ ನೋಡಿದಳು, ಅವನನ್ನು ನೋಡಿದಳು, ಮಡಿಚಿ ಚೀಲಕ್ಕೆ ಹಾಕಿಕೊಂಡು ಹೋದಳು. ಲಿಫ್ಟು ಇಳಿಯುವ ಸದ್ದು ಕೇಳುತ್ತಿದ್ದ ಹಾಗೆ ಅಚ್ಚಣ್ಣ ಸಿಲಿಕೋನ್ ಕಲಸಲು ಕೂತ.